ಕೊನೆಯ ಮೂರು ತಿಂಗಳು: ಮಗುವಿನ ಬೆಳವಣಿಗೆ ಮತ್ತು ತಾಯಿಯ ದೇಹಸ್ಥಿತಿ

ಸೀಮಂತ ಮುಗಿದ ಬಳಿಕ ಗರ್ಭಿಣಿಯು ತವರಿಗೆ ಹೊರಡುವುದು ನಮ್ಮಲ್ಲಿ ವಾಡಿಕೆ. ಈ ಸಮಯದಲ್ಲಿ ಮನೆಯ ಹಿರಿಯರು, "ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತು" ಎಂದು ಊಟ ತಗ್ಗಿಸಲು ಹೇಳುವುದುಂಟು. ಅವರ ಕಾಳಜಿ ನಿಜವಾದದ್ದೇ. ಆದರೆ ಸಲಹೆ ಸರಿಯಲ್ಲ. ಏಕೆಂಬುದನ್ನು ದಂಪತಿಗಳಿಬ್ಬರೂ ತಿಳಿದಿರಬೇಕು.

ಮಗುವಿನ ಬೆಳವಣಿಗೆ

28 ವಾರಗಳು ತುಂಬಿದಾಗ ಗರ್ಭದಲ್ಲಿನ ಮಗುವಿನ ತೂಕ ಸುಮಾರು 1 ಕಿಲೋ. 32 ವಾರಗಳಿಗೆ ಅದು ಸುಮಾರು 1.7 ಕಿಲೋ ಆಗುತ್ತದೆ. ದಿನ ತುಂಬಿ ಹುಟ್ಟುವ ಮಗು 2.5 ಕಿಲೋಗಿಂತ ಕಡಿಮೆ ಇರಬಾರದು. 3 ಕಿಲೋ ಇದ್ದರೆ ಬಹಳ ಒಳ್ಳೆಯದು. ಎಂದರೆ, ಮಗುವಿನ ತೂಕದ ಹೆಚ್ಚಿನ ಪಾಲು ಕೂಡುವುದು ಈ ಮೂರು ತಿಂಗಳಲ್ಲಿಯೇ. ಮಿದುಳು ಶೀಘ್ರವಾಗಿ ಬೆಳೆಯುವುದೂ, ಶ್ವಾಸಕೋಶಗಳು ಬಲಿಯುವುದೂ, ತಾಯಿಯ ರಕ್ತದಿಂದ ಕಬ್ಬಿಣಾಂಶ ಸಂಗ್ರಹವಾಗುವುದೂ ಈಗಲೇ. ಊಟ ತಗ್ಗಿಸಿದರೆ ಹೆರಿಗೆ ಸುಲಭವಾಗದು. ಮಗು ಬಡವಾಗಿ ಹುಟ್ಟಿ ಬೇಗನೆ ಕಾಯಿಲೆಗೆ ತುತ್ತಾದೀತು.

ಆದುದರಿಂದ ರಾಗಿ, ಸೊಪ್ಪು, ಬೇಳೆಕಾಳು, ಹಾಲು, ಒಗ್ಗುವವರಿಗೆ ಮೊಟ್ಟೆ, ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದೊಡನೆ ನುಂಗಬಾರದು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಿಲ್ಲ.

ತಾಯಿಯಲ್ಲಿ ಸಹಜ ಬದಲಾವಣೆಗಳು

ಗರ್ಭಕೋಶ ಮೇಲೇರಿದಂತೆ ಏದುಸಿರು, ಎದೆಯುರಿ, ಬೆನ್ನುನೋವು ಕಾಣಿಸಬಹುದು. ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗಿಳಿದಾಗ ಉಸಿರು ಹಗುರವಾಗುತ್ತದೆ; ಆದರೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಸಂಜೆ ಪಾದ ಕೊಂಚ ಊದಿ, ಮಲಗಿ ಎದ್ದಾಗ ಇಳಿಯುವುದೂ ಸಾಮಾನ್ಯ. ಎಡಮಗ್ಗುಲಲ್ಲಿ ಮಲಗುವುದು ಹಿತಕರ.

ತಡಮಾಡಬಾರದ ಲಕ್ಷಣಗಳು

ಮುಖ, ಕೈಗಳ ಊತ; ತೀವ್ರ ತಲೆನೋವು; ಕಣ್ಣು ಮಂಜಾಗುವುದು; ಫಿಟ್ಸ್; ರಕ್ತಸ್ರಾವ; ನೀರು ಒಡೆಯುವುದು; ಜ್ವರ; ಮಗುವಿನ ಚಲನೆ ತಗ್ಗುವುದು. ಇವುಗಳಲ್ಲಿ ಒಂದು ಕಂಡರೂ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು.

ಪತಿಯ ಹೊಣೆ

ಪತ್ನಿಯ ತವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿರಲಿ, ನೆರೆಯ ಹಳ್ಳಿಯಲ್ಲಿರಲಿ, ತಾಯಿ ಕಾರ್ಡನ್ನು ಆಕೆಯ ಕೈಯಲ್ಲೇ ಕಳುಹಿಸಿರಿ. ಅಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಹೆರಿಗೆಯ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿರಿ. ಚಾಮರಾಜಪೇಟೆಗೆ ಸಮೀಪದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, 1935ರಲ್ಲಿ ಆರಂಭವಾದ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಿದೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆಯಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಲ್ಲಿ ಜಾರಿಗೆ ಬಂದಂದಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯಾಗಲಿ, ಶಸ್ತ್ರಕ್ರಿಯೆಯ ಹೆರಿಗೆಯಾಗಲಿ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆಯೂ ಉಂಟು.

ನೆನಪಿಡಿ: ಈ ಮೂರು ತಿಂಗಳಲ್ಲಿ ತಾಯಿ ಉಣ್ಣುವ ತುತ್ತೇ ಮಗುವಿಗೆ ತಂದೆತಾಯಿ ಕೊಡುವ ಮೊದಲ ಆಸ್ತಿ.