ಕಿವಿ ಗುರುತಿಸುವುದು ಯಾರನ್ನು?

ಹಳೆಯ ಗ್ರಾಮಫೋನ್ ತಟ್ಟೆಯ ಹೆಸರನ್ನು ಮರೆಮಾಡಿ, ನುಡಿಸುತ್ತಿರುವವರು ಯಾರೆಂದು ಊಹಿಸುವ ಆಟ ಅಮೆರಿಕೆಯ ಜಾಜ್ ರಸಿಕರಲ್ಲಿ ಬಹುಕಾಲದಿಂದ ಉಂಟು. ಕೋಲ್ಮನ್ ಹಾಕಿನ್ಸ್, ಲೆಸ್ಟರ್ ಯಂಗ್ ಇಬ್ಬರ ವಾದ್ಯವೂ ಟೆನರ್ ಸ್ಯಾಕ್ಸೊಫೋನೇ. ಆದರೂ ಕೆಲವು ಸ್ವರಗಳಲ್ಲಿಯೇ ನಾವು ಅವರನ್ನು ಬೇರ್ಪಡಿಸಬಹುದು. ಹಾಕಿನ್ಸನ ನಾದ ತುಂಬು ನಾದ. ಅವನ ದೀರ್ಘಸ್ವರ ಅಲೆಅಲೆಯಾಗಿ ತೂಗುತ್ತದೆ. ಯಂಗನ ನಾದ ಹಗುರ, ತೂಗಾಟ ಅತ್ಯಲ್ಪ. ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳ ಪ್ರಮಾಣವು ವಾದಕನ ತುಟಿ, ಉಸಿರು, ವಾದ್ಯದ ಬಾಯಿತುಂಡುಗಳಿಗೆ ತಕ್ಕಂತೆ ಬದಲಾಗುತ್ತದೆ. ನಾದಕ್ಕೆ ಬಣ್ಣ ಬರುವುದು ಇದರಿಂದಲೇ.

ವಿದ್ಯುತ್ ಧ್ವನಿಲೇಖನ ಬಳಕೆಗೆ ಬಂದುದು 1925ರಲ್ಲಿ. ಅದಕ್ಕೂ ಮುಂಚಿನ ತಟ್ಟೆಗಳಿಗೆ ಧ್ವನಿಯನ್ನು ಹಿಡಿದುಕೊಟ್ಟದ್ದು ಅಗಲ ಬಾಯಿಯ ಕೊಳವೆ. ಅದರಲ್ಲಿ ಮೇಲಿನ ಉಪಸ್ವರಗಳು ಬಹುಮಟ್ಟಿಗೆ ನಷ್ಟವಾದುವು. ಅಲ್ಲಿ ನಾವು ಸ್ವರವನ್ನು ಎತ್ತಿಕೊಳ್ಳುವ ರೀತಿ, ಲಯಕ್ಕಿಂತ ತುಸು ಹಿಂದುಳಿಯುವ ಅಭ್ಯಾಸ, ಇಂಥವನ್ನೇ ನೆಚ್ಚಬೇಕು.

ಕಿವಿಗೆ ಎಟುಕದುದೂ ಒಂದುಂಟು. ವಾದಕನ ಮೈಬಣ್ಣ ಕಪ್ಪೋ ಬಿಳುಪೋ ಎಂಬುದನ್ನು ಕೇಳಿಯೇ ಹೇಳಬಲ್ಲೆನೆಂದು ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ 1951ರಲ್ಲಿ ವಿಮರ್ಶಕ ಲೆನರ್ಡ್ ಫೆದರನೊಡನೆ ಪಂಥ ಕಟ್ಟಿದನು. ಆತ ಸ್ವತಃ ಕಪ್ಪುವರ್ಣೀಯ. ವರ್ಣಭೇದದ ಅವಮಾನಗಳನ್ನು ಉಂಡವನು. ಅವನ ಕಿವಿಯಂತೂ ಸಾಮಾನ್ಯವಲ್ಲ. ಆದರೆ ವಾದಕರು ಒಬ್ಬರಿಂದೊಬ್ಬರು ಕೇಳಿ ಕಲಿತ ಶೈಲಿಗೆ ಮೈಬಣ್ಣದ ಗುರುತಿರುವುದೆಲ್ಲಿ? ತಟ್ಟೆಗಳು ಒಂದೊಂದಾಗಿ ತಿರುಗಿದುವು, ಊಹೆಗಳು ತಪ್ಪುತ್ತ ಹೋದುವು. ಸೋತೆನೆಂದು ಎಲ್ಡ್ರಿಜನೇ ಒಪ್ಪಿಕೊಂಡನು.