ಕಾಯಕ ಶಬ್ದವು ಅರ್ಥ ಪಡೆದ ಬಗೆ

ಶಬ್ದವೊಂದರ ಅರ್ಥ ತಿಳಿಯದಿದ್ದರೆ ನಾವು ನಿಘಂಟನ್ನು ತೆರೆಯುತ್ತೇವೆ. ನಿಘಂಟಿಗೆ ಆ ಅರ್ಥವು ಬಂದುದಾದರೂ ಎಲ್ಲಿಂದ? 'ಕಾಯಕ' ಶಬ್ದವನ್ನೇ ವಿಚಾರಿಸೋಣ. ಕಾಯಕ್ಕೆ ಸಂಬಂಧಿಸಿದುದು, ದೇಹದಿಂದ ನಡೆಯುವುದು ಎಂಬಿಷ್ಟೇ ಅದರ ಮೂಲದಿಂದ ದೊರೆಯುವ ಅರ್ಥ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ ಇವರ ಬಾಯಲ್ಲಿ ಅದಕ್ಕೆ ಬೇರೊಂದು ತೂಕ ಬಂದಿತು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಮನೆಗೆ ಬಂದಿತು. ಲಕ್ಕಮ್ಮನು ಅದನ್ನು ಕಂಡು, ಇಷ್ಟೊಂದು ನಮಗೇಕೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದಳು. ಮಾರಯ್ಯನು ಹಾಗೆಯೇ ಮಾಡಿದನು. ಗಂಡನ ಭಕ್ತಿಯ ಕಥೆಯೆಂದು ಇದನ್ನು ಹೇಳುವವರುಂಟು. ಅರ್ಧ ಪುಣ್ಯವನ್ನಾದರೂ ಹೆಂಡತಿಯ ಲೆಕ್ಕಕ್ಕೆ ಬರೆಯಬೇಕು! ಇಲ್ಲಿ ಯಾರೂ ಕಾಯಕದ ಲಕ್ಷಣವನ್ನು ನಿರೂಪಿಸಲಿಲ್ಲ. ಒಬ್ಬನು ತಂದನು, ಒಬ್ಬಳು ಕೇಳಿದಳು, ತಂದವನು ಒಪ್ಪಿದನು. ಅಷ್ಟರಿಂದ ಕಾಯಕಕ್ಕೊಂದು ಎಲ್ಲೆ ಬಿದ್ದಿತು. ಕೇಳಿದವರು ಅದನ್ನು ತಮ್ಮ ತಮ್ಮ ಮನೆಗಳಲ್ಲಿ ಹೇಳಿಕೊಂಡುದರಿಂದ ಒಂದು ಮನೆಯ ಮಾತು ಸಮುದಾಯದ ಅರ್ಥವಾಯಿತು.

ಇದು ಕಲ್ಯಾಣದೊಂದಿಗೆ ಮುಗಿದ ವ್ಯಾಪಾರವಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿದರೆ ಗೆಜ್ಜಲಗೆರೆ. ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ಡೈರಿಯಿರುವುದು ಅಲ್ಲಿಯೇ. ಸುತ್ತಣ ಹಳ್ಳಿಗಳ ಸಹಕಾರ ಸಂಘಗಳಿಂದ ಅಲ್ಲಿಗೆ ಹಾಲು ಬರುತ್ತದೆ. ನಮ್ಮ ಹಳ್ಳಿಗರ ಬಾಯಲ್ಲಿ 'ಡಿಗ್ರಿ' ಎಂಬ ಮಾತಿದೆ. ಹಾಲಿನಲ್ಲಿ ತೇಲಿಬಿಟ್ಟ ಗಾಜಿನ ಕೊಳವೆಯು ನೀರು ಬೆರೆತಿದ್ದರೆ ಹೆಚ್ಚು ಮುಳುಗುವುದು. ಆಗ 'ಡಿಗ್ರಿ ಬರಲಿಲ್ಲ' ಎನ್ನುವರು. ಇಂಗ್ಲಿಷಿನಲ್ಲಿ ಬರಿಯ ಅಳತೆಯ ಹೆಸರು. ಇಲ್ಲಿ ಅದು ಹಾಲು ತಂದವನ ಪ್ರಾಮಾಣಿಕತೆಯನ್ನೂ ಮುಟ್ಟುವ ಮಾತು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುವುದರಿಂದ ಒಬ್ಬನ ಚೊಂಬು ನೀರು ಎಲ್ಲರಿಗೂ ಮಾಡಿದ ಮೋಸ. ಕೊಳವೆಯು ಸಾಂದ್ರತೆಯನ್ನಷ್ಟೇ ಹೇಳುತ್ತದೆ. ಮೋಸವೆಂಬ ಅರ್ಥವನ್ನು ಕೊಡುವವರು ಸಾಲಿನಲ್ಲಿ ನಿಂತವರು. ಅವರು ಬಾಯಿ ಬಿಡಬೇಕೆಂದೂ ಇಲ್ಲ; ಒಮ್ಮೆ ತಿರುಗಿ ನೋಡಿದರೆ ಸಾಕು.

ಹೀಗೆ ಕೂಡುವ ಅರ್ಥವು ನಿತ್ಯದ ನಡೆಯಿಂದಲೇ ಕೆಡುವುದೂ ಉಂಟು. ಕಾಯಕದ ಹಿರಿಮೆಯನ್ನು ಸಾರುವ ಹಲಗೆ ಇಂದು ಎಷ್ಟೋ ಕಚೇರಿಗಳ ಗೋಡೆಯ ಮೇಲಿದೆ. ಅಂಥದೊಂದು ಕಚೇರಿಯಲ್ಲಿ ನಾನು ಕಂಡುದನ್ನು ಬರೆಯುತ್ತೇನೆ. ವೃದ್ಧೆಯೊಬ್ಬಳು ಮೊಮ್ಮಗನೊಡನೆ ಬಂದು ಕುಳಿತಿದ್ದಳು. ಅದು ಮೂರನೆಯ ಸಲವಂತೆ. ಬಾಲಕನು ಹಲಗೆಯ ಅಕ್ಷರಗಳನ್ನು ಕೂಡಿಸಿ ಓದಿ, 'ಅಜ್ಜೀ, ಕಾಯಕ ಅಂದ್ರೇನು?' ಎಂದನು. ಆಕೆ ಗುಮಾಸ್ತರ ಬರಿದಾದ ಕುರ್ಚಿಯ ಕಡೆ ನೋಡಿ, 'ನಾಳೆ ಬಾ ಅನ್ನೋದು ಕಣಪ್ಪ' ಎಂದಳು. ಬಾಲಕನು ನಗಲಿಲ್ಲ, ಅರ್ಥವಾಯಿತೆಂಬಂತೆ ತಲೆಯಾಡಿಸಿದನು.