ಕಾಯಕಕ್ಕೆ ಅಧಿಕಾರಿ ಯಾರು?

ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದನು. ಇಬ್ಬರೂ ಆ ದುಡಿಮೆಯಿಂದಲೇ ದಾಸೋಹ ನಡೆಸಿದರು. ಕಾಯಕವಿಲ್ಲದೆ ದಾಸೋಹವಿಲ್ಲವೆಂದ ಮೇಲೆ, ಅಂಗವಿಕಲನಿಗೆ ಅನ್ನವನ್ನಷ್ಟೇ ಇಕ್ಕಿ ಕೆಲಸ ಕೊಡದ ಸದ್ಭಕ್ತನು ಅವನಿಂದ ಕಸಿದುಕೊಳ್ಳುವುದೇನು? ತಾನೂ ನೀಡುವವನಾಗುವ ಭಾಗ್ಯವನ್ನೇ ಅಲ್ಲವೆ! ಮರುಕದಿಂದ ಮಗುವನ್ನು ಮನೆಯೊಳಗೇ ಇರಿಸಿಕೊಳ್ಳುವ ತಾಯಿತಂದೆಗಳೂ ಇದನ್ನು ಯೋಚಿಸಬೇಕು.

ಸ್ವತಃ ಪೋಲಿಯೊಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ಅಲ್ಲಿ ತೋಟಗಾರಿಕೆಯೇ ಮೊದಲಾದ ಕಸುಬುಗಳನ್ನು ಕಲಿಸಿ ಉದ್ಯೋಗಕ್ಕೆ ಅಣಿಗೊಳಿಸುತ್ತ ಬಂದಿದ್ದಾರೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರಷ್ಟಾದರೂ ಮೀಸಲಿರಬೇಕೆಂದು 2016ರ ಕಾಯಿದೆ ವಿಧಿಸಿದೆ.

ಸರ್ಕಾರದ ಹುದ್ದೆ ಎಲ್ಲರಿಗೂ ದೊರೆಯದು, ನಿಜ. ಆದರೆ ದೊಡ್ಡಬೆಳವಂಗಲದವರಿಗೆ ದೊಡ್ಡಬಳ್ಳಾಪುರದ ಮಗ್ಗಗಳೇನು ದೂರವೆ? ರಾಟೆಯಲ್ಲಿ ಕಂಡಿಕೆ ಸುತ್ತುವುದು ಕುಳಿತೇ ನಡೆಯುವ ಕೆಲಸ. ನಡೆಯಲಾರದವನಿಗೆ ಅದಕ್ಕೆ ಅಡ್ಡಿಯಾಗುವುದು ಕಾಲಲ್ಲ, ಹೊಸ್ತಿಲ ಮುಂದಿನ ಮೆಟ್ಟಿಲು. ಅಲ್ಲೊಂದು ಇಳಿಜಾರು ಕಟ್ಟಿಸುವುದು ಧಣಿಗೆ ಭಾರವಾಗದು. ಕಿವುಡನಿಗೆ ಕೈಸನ್ನೆಯಿಂದ ಕೆಲಸ ತೋರಿಸಬಹುದು.

ಕೂಲಿಯಲ್ಲಿ ಮಾತ್ರ ದಯೆಯ ಲೆಕ್ಕ ಸಲ್ಲದು. ಅಗತ್ಯಕ್ಕೆ ಮಿಕ್ಕ ಅಕ್ಕಿಯನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ದುಡಿಮೆಗೆ ಕಡಿಮೆಯಾದ ಕೂಲಿಯನ್ನು ಆಕೆ ಒಪ್ಪುತ್ತಿದ್ದಳೆ? ಅಷ್ಟೇ ಕಂಡಿಕೆಗೆ ಅಷ್ಟೇ ಕೂಲಿಯನ್ನು ಎಣಿಸಿ ಕೊಡಬೇಕು.